ಗಾಂಜಾ ಬಿಟ್ಟರೆ ನಿದ್ದೆ ಬರಲ್ಲ: ಆ ನಾಲ್ಕು ವಾರ ದಾಟುವುದು ಹೇಗೆ?

"ಸೇದದೇ ಇದ್ದರೆ ನಿದ್ದೇನೇ ಬರಲ್ಲ. ಸೇದಿ ಮಲಗಿದರೆ ಬೆಳಿಗ್ಗೆ ಏಳೋಕೆ ಆಗಲ್ಲ. ಏನ್ ಮಾಡ್ಲಿ?"

ಕಾಲೇಜು ಓದುವವರು ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದಾರೋ ಲೆಕ್ಕ ಇಟ್ಟಿಲ್ಲ. ಎಂಜಿನಿಯರಿಂಗ್‌ನವರು, ಡಿಗ್ರಿಯವರು, ಪಿಜಿಯಲ್ಲಿ ಇರುವವರು, ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವವರು, ಎಲ್ಲರದ್ದೂ ಇದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆಯುವ ಬದಲು ಒಟ್ಟಿಗೆ ಬರೆದುಬಿಡೋಣ ಅನಿಸಿತು. ಬುದ್ಧಿವಾದ ಹೇಳೋಕೆ ಮನೆಯಲ್ಲೂ ಕಾಲೇಜಿನಲ್ಲೂ ಬೇಕಾದಷ್ಟು ಜನ ಇದ್ದಾರೆ, ಅದು ಇಲ್ಲಿಲ್ಲ. ನಿದ್ದೆ ಬರಲಿ ಅಂತ ಸೇದುವವರು ಅದನ್ನು ಬಿಟ್ಟು ನಿದ್ದೆ ವಾಪಸ್ ಪಡೆಯುವುದು ಹೇಗೆ, ಅಷ್ಟೇ ವಿಷಯ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಿಟ್ಟ ಮೂರನೇ ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ "ನೋಡು, ನನಗೆ ಇದು ಇಲ್ಲದೆ ಆಗೋದೇ ಇಲ್ಲ" ಅನಿಸುತ್ತದೆ. ಹೆಚ್ಚಿನವರು ಸೋಲುವುದು ಅಲ್ಲೇ. ಆದರೆ ಆ ಹೊರಳಾಟ ಗಾಂಜಾ ತಂದಿಟ್ಟ ಸಾಲ. ಅದನ್ನು ತೀರಿಸುವ ದಿನಗಳಿಗೆ ಹೆಚ್ಚುಕಡಿಮೆ ಒಂದು ವೇಳಾಪಟ್ಟಿ ಇದೆ. ಅದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ.

ಒಳಗೆ ಏನಾಗುತ್ತದೆ

ಗಾಂಜಾದಲ್ಲಿ ಅಮಲು ತರುವುದು ಟಿಎಚ್‌ಸಿ ಎಂಬ ರಾಸಾಯನಿಕ. ಅದನ್ನೇ ಹೋಲುವ ಒಂದೆರಡು ರಾಸಾಯನಿಕಗಳನ್ನು ನಮ್ಮ ಮಿದುಳು ತಾನೇ ಚೂರುಚೂರು ತಯಾರಿಸಿಕೊಳ್ಳುತ್ತದೆ. ಅವು ಬಂದು ಕೂರಲು ನರಕೋಶಗಳ ಮೇಲೆ ಗೂಡುಗಳಿವೆ. ಇವಕ್ಕೆ ಸಿಬಿ-1 ರಿಸೆಪ್ಟರ್ ಎನ್ನುತ್ತಾರೆ. ಟಿಎಚ್‌ಸಿ ನೇರವಾಗಿ ಬಂದು ಆ ಗೂಡುಗಳಲ್ಲಿ ಕೂತುಬಿಡುತ್ತದೆ. ಹೊಸದರಲ್ಲಿ ಕಣ್ಣು ಬೇಗ ಮುಚ್ಚುವುದು ಇದರಿಂದಲೇ. ಆದರೆ ದಿನಾ ಸೇದಿದರೆ ಮಿದುಳು "ಇದೇನು ಜಾಸ್ತಿಯಾಯ್ತು" ಎಂದು ಗೂಡುಗಳನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಆಗ ಅರ್ಧ ಜಾಯಿಂಟ್‌ಗೆ (ಕಾಗದದಲ್ಲಿ ಸುತ್ತಿದ ಗಾಂಜಾ) ಬರುತ್ತಿದ್ದ ನಿದ್ದೆಗೆ ಒಂದು ಬೇಕು, ಆಮೇಲೆ ಎರಡು. ಇದಕ್ಕೆ ಟಾಲರೆನ್ಸ್ ಎಂದು ಹೆಸರು, ಅಂದರೆ ದೇಹ ಒಗ್ಗಿಹೋಗುವುದು. ಸೇದದ ರಾತ್ರಿ ಮಿದುಳಿನ ಸ್ವಂತ ರಾಸಾಯನಿಕಗಳಿಗೂ ಕೂರಲು ಸಾಕಷ್ಟು ಗೂಡು ಇರುವುದಿಲ್ಲ. ಹಾಗಾಗಿ ನಿದ್ದೆ ಬರುವುದಿಲ್ಲ.

ಇನ್ನೊಂದು ಸಂಗತಿ ಕನಸಿನದು. ನಿದ್ದೆಯಲ್ಲಿ ಹಂತಗಳಿವೆ. ಕಣ್ಣುಗುಡ್ಡೆ ಅತ್ತಿತ್ತ ಓಡಾಡುತ್ತಾ ಗಾಢವಾದ ಕನಸು ಬೀಳುವ ಹಂತಕ್ಕೆ ರೆಮ್ ನಿದ್ದೆ ಎನ್ನುತ್ತಾರೆ. ಕಲಿತದ್ದು ನೆನಪಿನಲ್ಲಿ ನೆಲೆಸುವುದಕ್ಕೂ, ಮನಸ್ಸಿನ ಕಿರಿಕಿರಿ ಆರುವುದಕ್ಕೂ ಈ ಹಂತ ಬೇಕು. ಟಿಎಚ್‌ಸಿ ಇದನ್ನು ಅದುಮುತ್ತದೆ. ದಿನಾ ಸೇದುವವರು "ನನಗೆ ಕನಸೇ ಬೀಳಲ್ಲ" ಅನ್ನುವುದನ್ನು ಕೇಳಿರುತ್ತೀರಿ. ಎಂಟು ಗಂಟೆ ಮಲಗಿದರೂ ಎದ್ದಾಗ ತಲೆ ಮಂಜು ಕವಿದ ಹಾಗಿರುವುದು, ರಾತ್ರಿ ಓದಿದ್ದು ಬೆಳಿಗ್ಗೆ ನೆನಪಾಗದಿರುವುದು, ಇದರಲ್ಲಿ ಅದುಮಿಟ್ಟ ಈ ನಿದ್ದೆಯ ಪಾಲೂ ಇರಬಹುದು.

ಈಗ ವೇಳಾಪಟ್ಟಿ. ಬಿಟ್ಟ ಮೇಲೆ ಒಂದರಿಂದ ಮೂರು ದಿನದೊಳಗೆ ಸಿಡುಕು, ಚಡಪಡಿಕೆ, ಬೆವರು, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಶುರುವಾಗುತ್ತದೆ. ಮೊದಲ ವಾರದಲ್ಲಿ ಇದು ಜೋರು. ಎರಡನೇ ವಾರದ ಕೊನೆಗೆ ಬಹುಪಾಲು ಇಳಿಯುತ್ತದೆ. ನಿದ್ದೆ ಮತ್ತು ವಿಚಿತ್ರ ಕನಸು ಮಾತ್ರ ಕೊನೆಗೆ ಹೋಗುವ ನೆಂಟರು, ನಾಲ್ಕು ವಾರ ಹಿಡಿಯಬಹುದು, ಕೆಲವರಿಗೆ ಸ್ವಲ್ಪ ಜಾಸ್ತಿ. ಇದಕ್ಕೆಲ್ಲ ಒಟ್ಟಾಗಿ ವಿತ್‌ಡ್ರಾವಲ್ ಎನ್ನುತ್ತಾರೆ. "ಗಾಂಜಾಗೆ ವಿತ್‌ಡ್ರಾವಲ್ ಇಲ್ಲ ಮಗಾ" ಎಂದು ಟೆರೇಸಿನಲ್ಲಿ ಯಾರೋ ಹೇಳಿರುತ್ತಾರೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಇದು 2013ರಿಂದಲೇ ಪಟ್ಟಿಯಾಗಿದೆ. ಒಳ್ಳೆಯ ಸುದ್ದಿಯೂ ಇದೆ. ದಿನಾ ಸೇದುತ್ತಿದ್ದವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಬಿಟ್ಟ ಎರಡೇ ದಿನದಲ್ಲಿ ಗೂಡುಗಳು ಮರಳತೊಡಗಿದ್ದವು, ಸುಮಾರು ನಾಲ್ಕು ವಾರಕ್ಕೆ ಹತ್ತಿರಹತ್ತಿರ ಮೊದಲಿನಂತೆಯೇ ಆಗಿದ್ದವು. ತಲೆಬರಹದಲ್ಲಿರುವ ನಾಲ್ಕು ವಾರದ ಲೆಕ್ಕ ಅಲ್ಲಿಂದ ಬಂದದ್ದು.

ಇದನ್ನು ಒಬ್ಬರೇ ಮಾಡಬಾರದವರು

ಗಾಂಜಾ ಒಂದನ್ನೇ ಬಳಸುವವರು ಒಮ್ಮೆಲೇ ಬಿಟ್ಟರೆ ಕಷ್ಟವಾಗುತ್ತದೆ, ಆದರೆ ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ. ಜೊತೆಗೆ ದಿನಾ ಕುಡಿಯುವವರು, ಅಥವಾ ಆಲ್ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆಗಳನ್ನು ದಿನಾ ನುಂಗುವವರು ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಬೇಡಿ. ಆ ಎರಡನ್ನು ದಿಢೀರ್ ನಿಲ್ಲಿಸಿದರೆ ಫಿಟ್ಸ್ ಬರಬಹುದು. ನೇರ ಡಾಕ್ಟರ್ ಹತ್ತಿರ ಹೋಗಿ.

ಯಾರೂ ಇಲ್ಲದಿದ್ದರೂ ಮಾತು ಕೇಳಿಸುವುದು, ರೂಮ್‌ಮೇಟ್‌ಗಳೆಲ್ಲ ಸೇರಿ ನನ್ನ ವಿರುದ್ಧ ಏನೋ ಮಾಡುತ್ತಿದ್ದಾರೆ ಎಂಬ ಗಟ್ಟಿ ಅನುಮಾನ, ಎರಡು ಮೂರು ದಿನ ನಿದ್ದೆಯೇ ಇಲ್ಲದಿದ್ದರೂ ಸುಸ್ತಾಗದೆ ಹುಮ್ಮಸ್ಸು ಏರುತ್ತಲೇ ಇರುವುದು, ಸಾಯುವ ಯೋಚನೆ. ಇವುಗಳಲ್ಲಿ ಯಾವುದಾದರೂ ಇದ್ದರೆ ಈ ಲೇಖನ ಪಕ್ಕಕ್ಕಿಟ್ಟು ಇವತ್ತೇ ಯಾರಿಗಾದರೂ ಹೇಳಿ. ಫೋನ್ ನಂಬರ್ ಕೆಳಗೆ 7ನೇ ಹಂತದಲ್ಲಿದೆ.

ಬೇಕಾಗುವ ಸಾಮಾನು

ಒಂದು 40 ಪುಟದ ನೋಟ್‌ಬುಕ್, ಪೆನ್ನು. ಮೊಬೈಲ್ ಅಲ್ಲದ ಅಲಾರಂ ಗಡಿಯಾರ. ಕಣ್ಣಿಗೆ ಕಟ್ಟಲು ಗಾಢ ಬಣ್ಣದ ಬಟ್ಟೆ. ಕಿವಿಗೆ ಇಯರ್‌ಪ್ಲಗ್, ಇಲ್ಲದಿದ್ದರೆ ಹತ್ತಿ. ಹಾಸಿಗೆ ಪಕ್ಕ ಇಡಲು ಒಂದು ಟವೆಲ್, ಒಂದು ಹೆಚ್ಚಿನ ಟೀ ಶರ್ಟ್ (ಯಾಕೆ ಎಂದು ಐದನೇ ಹಂತದಲ್ಲಿ ಹೇಳುತ್ತೇನೆ). ಇಷ್ಟೇ. ನಿದ್ದೆ ಅಳೆಯುವ ವಾಚ್ ಬೇಡ. ಬೆಳಿಗ್ಗೆ ಎದ್ದು "ಡೀಪ್ ಸ್ಲೀಪ್ 40 ನಿಮಿಷ ಅಷ್ಟೇ" ಎಂದು ನೋಡಿ ಗಾಬರಿಯಾಗುವವರೇ ಜಾಸ್ತಿ.

1. ಮೊದಲ ವಾರ ಏನೂ ಬದಲಾಯಿಸದೆ ಬರೆದಿಡಿ

ಹೌದು, ಈ ವಾರ ಬಿಡಬೇಕಿಲ್ಲ. ಎಂದಿನಂತೆ ಇರಿ, ಬೆಳಿಗ್ಗೆ ಎದ್ದ ಕೂಡಲೇ ಹಿಂದಿನ ರಾತ್ರಿಯದ್ದು ಬರೆಯಿರಿ. ನಿಖರವಾಗಿ ಬೇಡ, ಅಂದಾಜು ಸಾಕು. ಒಂದು ದಿನದ ಪುಟ ಹೀಗಿರುತ್ತದೆ:

ಮಂಗಳವಾರ. ಮಧ್ಯಾಹ್ನ 3ರಿಂದ 5 ಮಲಗಿದ್ದೆ. ಟೀ ಮೂರು, ಕೊನೆಯದು ಸಂಜೆ 7ಕ್ಕೆ. ಸೇದಿದ್ದು ರಾತ್ರಿ 10:45ಕ್ಕೆ, ಒಂದು, ಸಿಗರೇಟಿನ ತಂಬಾಕು ಬೆರೆಸಿ. ಹಾಸಿಗೆಗೆ 11:30. ಮೊಬೈಲ್ ಕೆಳಗಿಟ್ಟಿದ್ದು 1:00. ನಿದ್ದೆ ಹತ್ತಿದ್ದು ಸುಮಾರು 1:30. ನಡುವೆ ಅರ್ಧ ಗಂಟೆ ಎಚ್ಚರ. ಎದ್ದಿದ್ದು 8:30.

ಈ ಪುಟವನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. ಹಾಸಿಗೆಯಲ್ಲಿ ಇದ್ದದ್ದು 9 ಗಂಟೆ. ನಿದ್ದೆ ಮಾಡಿದ್ದು ಆರೂವರೆ ಗಂಟೆ. ಆರೂವರೆಯನ್ನು ಒಂಬತ್ತರಿಂದ ಭಾಗಿಸಿದರೆ ಶೇ. 72. ನಿದ್ದೆ ತಜ್ಞರು ಇದನ್ನು ನಿದ್ದೆಯ ದಕ್ಷತೆ ಎನ್ನುತ್ತಾರೆ, ಅದು ಶೇ. 85ರ ಮೇಲಿದ್ದರೆ ಚೆನ್ನ. ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಸೇದಿದ ರಾತ್ರಿಯೂ ಹಾಸಿಗೆಗೆ ಹೋದ ಮೇಲೆ ನಿದ್ದೆ ಹತ್ತಲು ಎರಡು ಗಂಟೆ ಹಿಡಿದಿದೆ, ಅಲ್ವಾ? ಒಂದೂವರೆ ಗಂಟೆ ಮೊಬೈಲ್ ತಿಂದಿದೆ. ಮಧ್ಯಾಹ್ನದ ಎರಡು ಗಂಟೆ ನಿದ್ದೆ ರಾತ್ರಿಯ ನಿದ್ದೆಯ ಹಸಿವನ್ನು ತಿಂದಿದೆ. ನಿದ್ದೆ ಕೊಡುತ್ತಿರುವುದು ಗಾಂಜಾ ಎಂದು ನಂಬಿದ್ದಿರಿ. ಪುಟ ಬೇರೆಯೇ ಕತೆ ಹೇಳುತ್ತಿದೆ.

ಇಲ್ಲಿ ಆಗುವ ತಪ್ಪು: ವಾರ ಪೂರ್ತಿ ಬಿಟ್ಟು ಭಾನುವಾರ ಕೂತು ಏಳೂ ದಿನದ್ದು ನೆನಪಿನಿಂದ ತುಂಬುವುದು. ರೆಕಾರ್ಡ್ ಬುಕ್ ಬರೆದು ಅಭ್ಯಾಸ ಇರುತ್ತದಲ್ಲ, ಅದೇ ಬುದ್ಧಿ. ಹಾಗೆ ಬರೆದರೆ ಉಪಯೋಗವಿಲ್ಲ.

2. ದಿನ ಗೊತ್ತು ಮಾಡಿ

ಇಂಟರ್ನಲ್ಸ್, ಪ್ರಾಕ್ಟಿಕಲ್ಸ್, ಸೆಮ್ ಪರೀಕ್ಷೆ, ಇವುಗಳ ಹಿಂದಿನ ಎರಡು ವಾರದಲ್ಲಿ ಬಿಡಲು ಹೊರಡಬೇಡಿ. "ನಾಳೆಯಿಂದ ಪರೀಕ್ಷೆಗೆ ಓದಬೇಕು, ಅದಕ್ಕೇ ಇವತ್ತು ಬಿಡ್ತೀನಿ" ಎನ್ನುವುದು ಕೇಳಲು ಚೆನ್ನಾಗಿದೆ. ನಡೆಯುವುದಿಲ್ಲ. ನಿದ್ದೆಗೆಟ್ಟ ವಾರವೂ ಪರೀಕ್ಷೆಯ ವಾರವೂ ಒಂದೇ ಆದರೆ ಎರಡೂ ಕೆಡುತ್ತವೆ.

ಸೆಮಿಸ್ಟರ್ ಶುರುವಿನ ವಾರಗಳು ಒಳ್ಳೆಯವು. ಗುರುವಾರ ಕೊನೆಯದು ಎಂದಿಟ್ಟುಕೊಂಡರೆ ಕಷ್ಟದ ಮೊದಲ ರಾತ್ರಿಗಳು ವಾರಾಂತ್ಯಕ್ಕೆ ಬೀಳುತ್ತವೆ. ರಜೆಗೆ ಊರಿಗೆ ಹೋದಾಗ ಬಿಡುವುದು ಇನ್ನೂ ಸುಲಭ, ಕೈಗೆ ಸಿಗುವುದಿಲ್ಲವಲ್ಲ. ಆದರೆ ಊರಲ್ಲಿ ಬಿಟ್ಟವರು ಬಸ್ ಇಳಿದ ದಿನವೇ ಮತ್ತೆ ಶುರು ಮಾಡುವುದುಂಟು. ಹಾಗಾಗಿ ವಾಪಸ್ ಬರುವ ಮೊದಲ ಸಂಜೆಗೆ ಏನು ಮಾಡುತ್ತೀರಿ, ಯಾರ ಜೊತೆ ಇರುತ್ತೀರಿ ಎಂದು ಊರಲ್ಲೇ ತೀರ್ಮಾನಿಸಿ ಬನ್ನಿ.

ಒಮ್ಮೆಲೇ ಬಿಡಬೇಕೋ, ಸ್ವಲ್ಪ ಸ್ವಲ್ಪವಾಗಿಯೋ? ಎರಡೂ ಸರಿ. ದಿನಕ್ಕೊಂದು ಸೇದುವವರು ಒಮ್ಮೆಲೇ ಬಿಡುವುದು ಮೇಲು ಎಂಬುದು ನನ್ನ ಅಭಿಪ್ರಾಯ, ಒಂದರಲ್ಲಿ ಕಡಿಮೆ ಮಾಡಲು ಏನಿದೆ? ದಿನಕ್ಕೆ ನಾಲ್ಕೈದು ಸೇದುವವರು ಎರಡು ವಾರದ ಗಡುವು ಹಾಕಿಕೊಂಡು ಇಳಿಸಬಹುದು. ಮೊದಲು ಬೆಳಗಿನದ್ದು, ಆಮೇಲೆ ಮಧ್ಯಾಹ್ನದ್ದು, ಕೊನೆಗೆ ರಾತ್ರಿಯದ್ದು. ಗಡುವು ಇಲ್ಲದ "ಕಮ್ಮಿ ಮಾಡ್ತಾ ಇದೀನಿ" ಎಂಬುದು ಮುಂದಿನ ಸೆಮ್‌ವರೆಗೂ ಎಳೆಯುತ್ತದೆ.

ಉಳಿದದ್ದನ್ನು ಇಟ್ಟುಕೊಳ್ಳಬೇಡಿ. ಎಮರ್ಜೆನ್ಸಿಗೆ ಇರಲಿ ಎಂದು ಪುಸ್ತಕದ ಸಂದಿಯಲ್ಲಿ ಇಟ್ಟದ್ದು ಮೂರನೇ ರಾತ್ರಿ ಎರಡು ಗಂಟೆಗೆ ಖಂಡಿತ ನೆನಪಾಗುತ್ತದೆ. ಗೆಳೆಯರಿಗೆ ಕೊಡುವುದೂ ಬೇಡ, ಕಾನೂನಿನ ಕಣ್ಣಲ್ಲಿ ಅದು ಬೇರೆ ತಪ್ಪು. ಟಾಯ್ಲೆಟ್‌ಗೆ ಹಾಕಿ ನೀರು ಬಿಡಿ. ಪೇಪರ್, ಗ್ರೈಂಡರ್, ಲೈಟರ್ ಕೂಡ ಹೋಗಲಿ.

3. ತಂಬಾಕಿನ ಲೆಕ್ಕ ಮರೆಯಬೇಡಿ

ಇದನ್ನು ಬೇರೆ ಹಂತವಾಗಿ ಬರೆಯಲು ಕಾರಣವಿದೆ. ನಮ್ಮಲ್ಲಿ ಬರೀ ಸೊಪ್ಪು ಸೇದುವವರು ಕಡಿಮೆ, ಸಿಗರೇಟಿನ ತಂಬಾಕು ಬೆರೆಸಿ ಸುತ್ತುವುದೇ ರೂಢಿ. ಹಾಗಾಗಿ "ನಾನು ಸಿಗರೇಟ್ ಸೇದಲ್ಲ" ಎನ್ನುವವರ ದೇಹಕ್ಕೂ ನಿಕೋಟಿನ್ ಅಭ್ಯಾಸವಾಗಿರುತ್ತದೆ. ಜಾಯಿಂಟ್ ನಿಲ್ಲಿಸಿದ ದಿನ ಎರಡೂ ಒಟ್ಟಿಗೆ ನಿಲ್ಲುತ್ತವೆ, ಎರಡರ ಸಿಡುಕೂ ಒಟ್ಟಿಗೆ ಬರುತ್ತದೆ.

ಆಗ ಮಾಡುವ ತಪ್ಪು ಎಂದರೆ ಜಾಯಿಂಟ್ ಬದಲು ರಾತ್ರಿ ಮೂರು ಸಿಗರೇಟು. ನಿಕೋಟಿನ್ ಎಚ್ಚರ ತರಿಸುವ ವಸ್ತು. ಮಲಗುವ ಮುಂಚೆ ಸೇದಿದರೆ ನಿದ್ದೆ ಇನ್ನೂ ತಡ. ಸಿಗರೇಟನ್ನು ಈಗಲೇ ಬಿಡಲು ಆಗದಿದ್ದರೆ ಕನಿಷ್ಠ ಮಲಗುವ ಮೊದಲಿನ ಎರಡು ಮೂರು ಗಂಟೆ ಬೇಡ, ನಡುರಾತ್ರಿ ಎದ್ದಾಗಲಂತೂ ಬೇಡವೇ ಬೇಡ. ದಿನಾ ಹತ್ತಕ್ಕಿಂತ ಜಾಸ್ತಿ ಸೇದುವವರು ನಿಕೋಟಿನ್ ಗಮ್ ಅಥವಾ ಪ್ಯಾಚ್ ಬಗ್ಗೆ ಡಾಕ್ಟರನ್ನು ಕೇಳಿ.

4. ರೂಮು, ರೂಮ್‌ಮೇಟು

ನಿದ್ದೆಯ ಬಗ್ಗೆ ಬರೆಯುವ ಎಲ್ಲರೂ "ಕತ್ತಲೆಯ, ತಂಪಾದ, ಶಾಂತ ಕೋಣೆ" ಎನ್ನುತ್ತಾರೆ. ಅವರು ನಮ್ಮ ಹಾಸ್ಟೆಲ್ ನೋಡಿಲ್ಲ. ಮೂರು ಮಂಚ, ಒಂದು ಟ್ಯೂಬ್‌ಲೈಟ್, ಒಬ್ಬ ಎರಡು ಗಂಟೆವರೆಗೆ ಗೇಮ್ ಆಡುತ್ತಾನೆ, ಇನ್ನೊಬ್ಬ ಐದಕ್ಕೆ ಎದ್ದು ಬಕೆಟ್ ಸದ್ದು ಮಾಡುತ್ತಾನೆ. ಕೋಣೆ ಬದಲಾಗುವುದಿಲ್ಲ, ಹಾಗಾಗಿ ಕಣ್ಣಿಗೆ ಬಟ್ಟೆ, ಕಿವಿಗೆ ಪ್ಲಗ್. ಟೇಬಲ್ ಇಲ್ಲದೆ ಹಾಸಿಗೆಯ ಮೇಲೇ ಓದುವವರು ಹಗಲಲ್ಲಿ ತಲೆದಿಂಬು ಗೋಡೆ ಕಡೆಗಿಟ್ಟು ಮೇಲೊಂದು ಬೆಡ್‌ಶೀಟ್ ಹಾಸಿ, ಕಾಲಿನ ಕಡೆ ಕೂತು ಓದಿ. ರಾತ್ರಿ ಬೆಡ್‌ಶೀಟ್ ತೆಗೆದರೆ ಅದು ಮಲಗುವ ಜಾಗ. ಸಣ್ಣ ವಿಷಯವೇ, ಆದರೆ "ಇಲ್ಲಿ ಬಂದರೆ ನಿದ್ದೆ" ಎಂದು ಮಿದುಳಿಗೆ ಕಲಿಸಬೇಕಿದೆ.

ರೂಮ್‌ಮೇಟ್ ಸೇದುವವರಾದರೆ ಮಾತಾಡಲೇಬೇಕು. ಉದ್ದುದ್ದ ಭಾಷಣ ಬೇಡ. "ಮಗಾ, ಒಂದು ತಿಂಗಳು ರೂಮಲ್ಲಿ ಬೇಡ. ನೀನು ಎಲ್ಲಾದ್ರೂ ಹೋಗು, ನನ್ನ ಮಾತ್ರ ಕರೀಬೇಡ. ಸಿಡುಕಿದ್ರೆ ಬೇಜಾರ್ ಮಾಡ್ಕೋಬೇಡ." ಇಷ್ಟು ಸಾಕು. "ನಾನು ಬಿಟ್ಟೆ, ನೀನೂ ಬಿಡು" ಎಂದು ಶುರು ಮಾಡಿದರೆ ಮೊದಲ ದಿನವೇ ಜಗಳ.

"ಎಲ್ಲರೂ ಸೇದ್ತಾರೆ, ನಾನೊಬ್ಬನೇ ಹೇಗೆ ಇರಲಿ" ಎನ್ನುವವರಿಗೆ ಒಂದು ಅಂಕಿ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷದ ಭಾರತೀಯರಲ್ಲಿ ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ, ಚರಸ್ ಯಾವುದನ್ನಾದರೂ ಬಳಸಿದವರು ಶೇ. 2.8. ಕಾಲೇಜು ಹುಡುಗರಲ್ಲಿ ಇದಕ್ಕಿಂತ ಜಾಸ್ತಿಯೇ ಇರಲಿ. ಆದರೂ "ಎಲ್ಲರೂ" ಎನ್ನುವುದು ಟೆರೇಸಿನ ಮೇಲೆ ನಿಂತು ಎಣಿಸಿದ ಲೆಕ್ಕ.

ಹುಡುಗಿಯರು ಬರೆಯುವಾಗ ಇನ್ನೊಂದು ಕಷ್ಟ ಹೇಳುತ್ತಾರೆ, ರೂಮಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾದರೆ ಮನೆಗೆ ಹೋಗುತ್ತದೆ ಎಂದು. ಅಂಥವರು ಕಾರಣ ಹೇಳಬೇಕಿಲ್ಲ. "ನಿದ್ದೆ ಸರಿ ಇಲ್ಲ, ಒಂದು ತಿಂಗಳು ಡಾಕ್ಟರ್ ಹೇಳಿದ ಹಾಗೆ ಇರಬೇಕು" ಎಂದರೂ ಲೈಟ್ ಆರಿಸಲು ಕೇಳಬಹುದು.

5. ಮೊದಲ ಹತ್ತು ರಾತ್ರಿ

ಈ ಹತ್ತು ದಿನ ಒಂದೇ ಒಂದು ನಿಯಮ ಮುರಿಯಬೇಡಿ: ಏಳುವ ಸಮಯ. ರಾತ್ರಿ ಮೂರಕ್ಕೆ ನಿದ್ದೆ ಹತ್ತಿದ್ದರೂ ಏಳೂವರೆ ಎಂದರೆ ಏಳೂವರೆ, ಭಾನುವಾರವೂ. ಮಲಗುವ ಸಮಯ ನಮ್ಮ ಕೈಯಲ್ಲಿಲ್ಲ, ಏಳುವುದು ನಮ್ಮ ಕೈಯಲ್ಲಿದೆ. ಎದ್ದ ಕೂಡಲೇ ಹೊರಗೆ ಹೋಗಿ ಇಪ್ಪತ್ತು ಮೂವತ್ತು ನಿಮಿಷ ಬೆಳಕಿನಲ್ಲಿ ಇರಿ. ತಿಂಡಿಗೆ ಮೆಸ್‌ಗೆ ಸುತ್ತು ದಾರಿಯಲ್ಲಿ ನಡೆದು ಹೋದರೂ ಆಯ್ತು. ದೇಹದ ಗಡಿಯಾರ ಬೆಳಗಿನ ಬೆಳಕು ನೋಡಿಯೇ ಮುಳ್ಳು ತಿರುಗಿಸಿಕೊಳ್ಳುವುದು. ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಈ ಗಡಿಯಾರ ಸಹಜವಾಗಿಯೇ ತಡವಾಗಿ ಓಡುತ್ತದೆ, ಹಾಗಾಗಿ ಹನ್ನೆರಡಕ್ಕೆ ಮೊದಲು ನಿದ್ದೆ ಬಾರದಿದ್ದರೆ ಅದನ್ನು ರೋಗ ಎಂದುಕೊಳ್ಳಬೇಡಿ.

ಟೀ, ಕಾಫಿ ಮಧ್ಯಾಹ್ನ ಎರಡಕ್ಕೆ ನಿಲ್ಲಲಿ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು ಐದಾರು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು, ರಾತ್ರಿ ಹನ್ನೊಂದೂವರೆಗೂ ಒಳಗೇ ಇರುತ್ತದೆ. ಎನರ್ಜಿ ಡ್ರಿಂಕ್, ಕೋಲಾಗಳಲ್ಲೂ ಕೆಫೀನ್ ಇದೆ. ಮಧ್ಯಾಹ್ನ ತಡೆಯಲಾರದೆ ಮಲಗಿದರೆ ಮೂರು ಗಂಟೆಯೊಳಗೆ, ಇಪ್ಪತ್ತು ನಿಮಿಷ, ಅಲಾರಂ ಇಟ್ಟು.

ಇನ್ನು ರಾತ್ರಿ. ಕಣ್ಣು ಎಳೆಯುವವರೆಗೆ ಹಾಸಿಗೆಗೆ ಹೋಗಬೇಡಿ. ಮಲಗಿ ಅಂದಾಜು ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಏಳಿ. ಗಡಿಯಾರ ನೋಡಬೇಡಿ, ಅದರ ಮುಖ ಗೋಡೆಗೆ ತಿರುಗಿಸಿಡಿ. "ಈಗ ಮಲಗಿದರೂ ನಾಲ್ಕೇ ಗಂಟೆ ಸಿಗೋದು" ಎಂಬ ಲೆಕ್ಕದಷ್ಟು ನಿದ್ದೆ ಓಡಿಸುವ ವಸ್ತು ಬೇರೊಂದಿಲ್ಲ.

ಎದ್ದು ಎಲ್ಲಿ ಹೋಗುವುದು? ಇದನ್ನು ಸಂಜೆಯೇ ಸಿದ್ಧ ಮಾಡಿಡಿ. ಕಾರಿಡಾರಿನಲ್ಲಿ ಬಲ್ಬಿನ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಮೇಲೆ ಒಂದು ಹಳೆಯ ವಾರಪತ್ರಿಕೆ, ಒಂದು ಬಾಟಲಿ ನೀರು. ಗಣಿತದ ನೋಟ್ಸ್ ಬೇಡ, ಅದು ಪರೀಕ್ಷೆಯ ಭಯ ಎಬ್ಬಿಸುತ್ತದೆ. ಮೊಬೈಲ್ ರೂಮಿನಲ್ಲೇ ಇರಲಿ, ಚಾರ್ಜಿಗೆ ಹಾಕಿ ಕೈಗೆಟುಕದ ಜಾಗದಲ್ಲಿ. ಸುಮ್ನೆ ಕೂತು ಓದಿ. ಓದಿದ ಸಾಲನ್ನೇ ಎರಡು ಸಲ ಓದುತ್ತಿದ್ದೀರಿ ಎಂದಾದಾಗ ಒಳಗೆ ಹೋಗಿ ಮಲಗಿ. ಮತ್ತೆ ಬರದಿದ್ದರೆ ಮತ್ತೆ ಏಳಿ. ಒಂದು ರಾತ್ರಿ ನಾಲ್ಕು ಸಲ ಎದ್ದರೂ ಪರವಾಗಿಲ್ಲ. ಟೆರೇಸಿಗೆ ಮಾತ್ರ ಹೋಗಬೇಡಿ, ಆ ಹೊತ್ತಿಗೆ ಅಲ್ಲಿ ಯಾರು ಇರುತ್ತಾರೆ ಎಂದು ನಿಮಗೇ ಗೊತ್ತು.

ನಾಲ್ಕೈದನೇ ರಾತ್ರಿಯಿಂದ ಕನಸುಗಳ ಜಾತ್ರೆ ಶುರುವಾಗಬಹುದು. ಅದುಮಿಟ್ಟಿದ್ದ ರೆಮ್ ನಿದ್ದೆ ಬಡ್ಡಿ ಸಮೇತ ವಾಪಸ್ ಬರುವುದು ಹೀಗೆ. ಬಣ್ಣ, ಸದ್ದು ಎಲ್ಲ ಎದುರಿಗೇ ಇದ್ದ ಹಾಗೆ. ಕೆಲವು ಭಯಂಕರ. ಕನಸಿನಲ್ಲಿ ಸೇದಿ, ಎದ್ದು "ಅಯ್ಯೋ, ಮುರಿದುಬಿಟ್ಟೆನಾ" ಎಂದು ಗಾಬರಿಯಾಗುವವರು ತುಂಬಾ ಜನ. ಇದು ಕೆಟ್ಟ ಲಕ್ಷಣವಲ್ಲ, ದುರಸ್ತಿ ನಡೆಯುತ್ತಿರುವ ಗುರುತು. ಬೆವರಿನಿಂದ ದಿಂಬು ಒದ್ದೆಯಾಗಿ ಎಚ್ಚರವಾದರೆ ಪಕ್ಕದ ಟವೆಲ್ಲಿನಿಂದ ಒರೆಸಿಕೊಂಡು ಟೀ ಶರ್ಟ್ ಬದಲಾಯಿಸಿ ಮಲಗಿ. ಲೈಟ್ ಹಾಕಿ ಬೀರುವಿನಲ್ಲಿ ಬಟ್ಟೆ ಹುಡುಕಲು ಹೋದರೆ ನಿದ್ದೆ ಪೂರ್ತಿ ಹೋಯಿತು.

ಊಟ ಸೇರುವುದಿಲ್ಲ. ಬಲವಂತ ಬೇಡ. ಮೊಸರನ್ನ, ಗಂಜಿ, ಬಾಳೆಹಣ್ಣು, ಇಡ್ಲಿ, ಯಾವುದು ಇಳಿಯುತ್ತದೋ ಅದು ಸ್ವಲ್ಪ ಸ್ವಲ್ಪ. ಸಂಜೆ ಬೆವರು ಬರುವಷ್ಟು ಆಟ, ಓಟ ಅಥವಾ ಜೋರು ನಡಿಗೆ ಇರಲಿ. ನಿದ್ದೆಗೆಟ್ಟ ದಿನಗಳಲ್ಲಿ ಬೈಕ್ ಮಾತ್ರ ಮುಟ್ಟಬೇಡಿ, ಬಸ್ಸಿಗೆ ಹೋಗಿ.

6. ಹತ್ತು ದಿನವಾದ ಮೇಲೆ: ಹಾಸಿಗೆಯ ಸಮಯ ಬಿಗಿ ಮಾಡಿ

ಇಷ್ಟು ಹೊತ್ತಿಗೆ ಹೊಸ ಪುಟಗಳು ಸೇರಿರುತ್ತವೆ. ಕಳೆದ ಒಂದು ವಾರದ ಸರಾಸರಿ ನಿದ್ದೆ ಎಷ್ಟು? ಆರು ಗಂಟೆ ಎಂದಿಟ್ಟುಕೊಳ್ಳಿ. ಹಾಗಾದರೆ ಹಾಸಿಗೆಗೆ ಕೊಡುವ ಸಮಯ ಆರೂವರೆ ಗಂಟೆ ಮಾತ್ರ. ಏಳುವುದು ಏಳೂವರೆಗೆ, ಹಾಗಾಗಿ ಮಲಗುವುದು ಒಂದಕ್ಕೆ. ಅದಕ್ಕೆ ಮೊದಲು ಎಷ್ಟೇ ಬೇಜಾರಾದರೂ ಕುರ್ಚಿಯಲ್ಲೇ. ವಾರದ ದಕ್ಷತೆ ಶೇ. 85 ದಾಟಿದರೆ ಮಲಗುವುದನ್ನು ಹದಿನೈದು ನಿಮಿಷ ಹಿಂದಕ್ಕೆ ತನ್ನಿ. ಮುಂದಿನ ವಾರ ಇನ್ನೊಂದು ಹದಿನೈದು. ಏಳೂವರೆ, ಎಂಟು ಗಂಟೆ ನಿದ್ದೆ ಆಗುವವರೆಗೆ ಹೀಗೆ. ನಿಮ್ಮ ವಯಸ್ಸಿಗೆ ಏಳರಿಂದ ಒಂಬತ್ತು ಗಂಟೆ ಬೇಕು.

ನಿದ್ದೆ ಇಲ್ಲದವರಿಗೆ ಹಾಸಿಗೆ ಸಮಯ ಕಡಿಮೆ ಮಾಡು ಎನ್ನುವುದು ವಿಚಿತ್ರ ಅನಿಸಬಹುದು. ಆದರೆ ನಿದ್ದೆಯ ಹಸಿವು ಹೆಚ್ಚಿಸಿ, ಚೂರುಚೂರಾದದ್ದನ್ನು ಒಟ್ಟು ಮಾಡುವ ವಿಧಾನ ಇದು. ಮಾತ್ರೆ ಇಲ್ಲದೆ ನಿದ್ರಾಹೀನತೆಗೆ ಕೊಡುವ ಸಿಬಿಟಿ-ಐ ಎಂಬ ಚಿಕಿತ್ಸೆಯ ಭಾಗ. ನಿದ್ದೆ ಬಾರದ ಕಾಯಿಲೆಗೆ ವೈದ್ಯರು ಮೊದಲ ಆಯ್ಕೆಯಾಗಿ ಹೇಳುವುದು ಮಾತ್ರೆಯನ್ನಲ್ಲ, ಇದನ್ನೇ. ಐದೂವರೆ ಗಂಟೆಗಿಂತ ಕೆಳಗೆ ಇಳಿಸಬೇಡಿ. ಫಿಟ್ಸ್ ಇರುವವರು, ಬೈಪೋಲಾರ್ ಕಾಯಿಲೆ (ವಿಪರೀತ ಹುಮ್ಮಸ್ಸು, ಖಿನ್ನತೆ ಸರದಿಯಂತೆ ಬರುವುದು) ಇರುವವರು ಡಾಕ್ಟರನ್ನು ಕೇಳದೆ ಈ ಹಂತ ಮಾಡಲೇಬೇಡಿ, ನಿದ್ದೆ ಕಡಿಮೆಯಾದರೆ ಆ ಕಾಯಿಲೆಗಳು ಕೆರಳುತ್ತವೆ.

ಈ ಹಂತದಲ್ಲೇ ಅಡ್ಡದಾರಿಗಳೂ ಕಾಣತೊಡಗುತ್ತವೆ.

ಕ್ವಾರ್ಟರ್ ಕುಡಿದರೆ ಬೇಗ ಕಣ್ಣು ಮುಚ್ಚುತ್ತದೆ, ನಿಜ. ರಾತ್ರಿಯ ಎರಡನೇ ಅರ್ಧದಲ್ಲಿ ನಿದ್ದೆ ಹರಿದುಹೋಗುತ್ತದೆ. ಒಂದು ಚಟದ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ.

ಸೀನಿಯರ್ ಕೊಟ್ಟ ನಿದ್ದೆ ಮಾತ್ರೆ. ಆಲ್ಪ್ರಜೋಲಾಮ್ ಅನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರುವ ಹಾಗಿಲ್ಲ, ಸುಮ್ನೆ ಹಾಗೆ ಮಾಡಿಲ್ಲ. ಕೆಲವೇ ವಾರಗಳಲ್ಲಿ ಅದಿಲ್ಲದೆ ನಿದ್ದೆ ಬರದ ಸ್ಥಿತಿ ಬರುತ್ತದೆ, ಬಿಡುವುದು ಗಾಂಜಾಗಿಂತ ಕಷ್ಟ.

ಭಂಗಿ. "ಅದು ಎಲೆ ಅಷ್ಟೇ, ಕಾನೂನಿನಲ್ಲಿ ಗಾಂಜಾ ಅಲ್ಲ" ಎನ್ನುವ ವಾದ ಬರುತ್ತದೆ. ಮಾದಕ ವಸ್ತುಗಳ ಬಗೆಗಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂ, ಕಾಯಿ ಬಿಟ್ಟ ತುದಿ. ಬರೀ ಎಲೆ ಆ ವ್ಯಾಖ್ಯೆಯಲ್ಲಿಲ್ಲ ಎಂಬುದು ಸರಿ. ಮಿದುಳಿಗೆ ಕಾಯ್ದೆ ಗೊತ್ತಿಲ್ಲವಲ್ಲ. ಎಲೆಯಲ್ಲೂ ಟಿಎಚ್‌ಸಿ ಇದೆ, ಅದೇ ಗೂಡಿಗೆ ಹೋಗುತ್ತದೆ. ತಿಂದರೆ ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಏನೂ ಆಗಲಿಲ್ಲ ಎಂದು ಇನ್ನಷ್ಟು ತಿಂದವರು ಮಾರನೆಯ ಮಧ್ಯಾಹ್ನದವರೆಗೂ ಒದ್ದಾಡುತ್ತಾರೆ. ಆಯುರ್ವೇದದ ಹೆಸರಿನಲ್ಲಿ ಆನ್‌ಲೈನ್ ಮಾರುವ ವಿಜಯಾ ಎಣ್ಣೆಗಳಿಗೂ ಇದೇ ಮಾತು. ವಿಜಯಾ ಎಂದರೆ ಇದೇ ಗಿಡ.

ಒಂದು ರಾತ್ರಿ ಸೇದಿಬಿಟ್ಟರೆ? ಬರೆದಿಡಿ. ಎಷ್ಟು ಗಂಟೆಗೆ, ಯಾರ ಜೊತೆ, ಅದಕ್ಕೆ ಮುಂಚೆ ಏನಾಗಿತ್ತು. ಮರುದಿನ ಏಳೂವರೆಗೇ ಏಳಿ. ಹತ್ತು ದಿನ ಗಳಿಸಿದ್ದು ಒಂದು ರಾತ್ರಿಗೆ ಸೊನ್ನೆಯಾಗುವುದಿಲ್ಲ. "ಹೋಯ್ತು ಬಿಡು, ಇನ್ನು ಸೋಮವಾರದಿಂದ" ಎಂದು ಮಧ್ಯದ ನಾಲ್ಕು ದಿನ ಸೇದಿದರೆ ಮಾತ್ರ ಮೊದಲಿಂದ ಶುರು ಮಾಡಬೇಕಾಗುತ್ತದೆ.

7. ಸಹಾಯ ಕೇಳುವುದು, ಮತ್ತು ಎಲ್ಲರೂ ಹೆದರುವ ಆ ಪ್ರಶ್ನೆ

ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, 24 ಗಂಟೆಯೂ ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಮೂರಕ್ಕೆ ತಡೆಯಲಾಗದಿದ್ದರೆ ಅದಕ್ಕೇ ಮಾಡಿ. ಮಾದಕ ವಸ್ತು ಬಿಡುವ ಬಗ್ಗೆಯೇ ಕೇಳಲು 14446 ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಅಷ್ಟು ದೂರ ಬೇಡ ಎಂದರೆ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಓಪಿಡಿ ಚೀಟಿ ಮಾಡಿಸಿ ಹೋಗಬಹುದು.

"ಹೇಳಿದರೆ ಪೊಲೀಸ್‌ಗೆ, ಮನೆಗೆ, ಕಾಲೇಜಿಗೆ ಗೊತ್ತಾಗುತ್ತಾ?" 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿಡುವುದು ಆಸ್ಪತ್ರೆಯ ಹೊಣೆ. ಜೀವಕ್ಕೆ ಅಪಾಯ, ಕೋರ್ಟಿನ ಆದೇಶದಂಥ ಕೆಲವು ಸಂದರ್ಭ ಮಾತ್ರ ಬೇರೆ. 18 ತುಂಬಿದ್ದರೆ ನೀವೇ ಹೋಗಿ ತೋರಿಸಿಕೊಳ್ಳಬಹುದು. ಗಾಂಜಾ ಸೇವನೆ ಅಪರಾಧವೇನೋ ಹೌದು. ಎನ್‌ಡಿಪಿಎಸ್ 27ನೇ ಸೆಕ್ಷನ್‌ನಲ್ಲಿ 6 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಅದೇ ಕಾಯ್ದೆಯ 64ಎ ಸೆಕ್ಷನ್ ಇನ್ನೊಂದು ಮಾತು ಹೇಳುತ್ತದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸು ಬಿದ್ದ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ ಉಂಟು, ಚಿಕಿತ್ಸೆ ಪೂರ್ತಿ ಮಾಡಬೇಕು ಅಷ್ಟೇ.

ಮೂತ್ರ ಪರೀಕ್ಷೆಯ ಬಗ್ಗೆಯೂ ಕೇಳುತ್ತಾರೆ. ಟಿಎಚ್‌ಸಿ ಕೊಬ್ಬಿನಲ್ಲಿ ಸೇರಿಕೊಳ್ಳುವ ವಸ್ತು, ದಿನಾ ಸೇದುತ್ತಿದ್ದವರ ಮೂತ್ರದಲ್ಲಿ ಬಿಟ್ಟ ಮೇಲೂ ವಾರಗಟ್ಟಲೆ ಅದರ ಗುರುತು ಸಿಗಬಹುದು. "ಎರಡು ದಿನದಲ್ಲಿ ಕ್ಲೀನ್" ಎಂದು ಮಾರುವ ಡ್ರಿಂಕ್‌ಗಳಿಗೆ ದುಡ್ಡು ಹಾಕಬೇಡಿ.

ಐದಾರು ವಾರ ಸರಿಯಾಗಿ ಮಾಡಿಯೂ ನಿದ್ದೆ ಬರದಿದ್ದರೆ ಕಾರಣ ಬೇರೆ ಇರಬಹುದು. ಖಿನ್ನತೆ, ಆತಂಕದ ಕಾಯಿಲೆ, ಥೈರಾಯ್ಡ್, ಜೋರು ಗೊರಕೆಯ ನಡುವೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ. ಎಷ್ಟೋ ಜನ ಸೇದಲು ಶುರು ಮಾಡಿದ್ದೇ ಇಂಥದ್ದೊಂದರಿಂದ ನಿದ್ದೆ ಕೆಟ್ಟಾಗ. ಆಗ ಡಾಕ್ಟರ್ ಹತ್ತಿರ ಹೋಗುವಾಗ ಆ 40 ಪುಟದ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಓಪಿಡಿಯಲ್ಲಿ ನಿಮಗೆ ಸಿಗುವುದು ಹತ್ತು ನಿಮಿಷ. "ಎಷ್ಟು ದಿನದಿಂದ, ಎಷ್ಟು ಗಂಟೆ ನಿದ್ದೆ, ಎಷ್ಟು ಸೇದ್ತಿದ್ರಿ" ಎಂದು ಕೇಳಿದಾಗ ತಡವರಿಸದೆ ಪುಟ ತೆರೆದು ಮುಂದಿಡಬಹುದು.